ಅಮ್ಮ ನೋಡಿದ ದುಬೈ

ಜನವರಿ 12, 2007, ಶುಕ್ರವಾರ

ಎಷ್ಟು ಹೊತ್ತಾದರೂ ಇವತ್ತೇ ಬರೆಯಬೇಕು. ನಾಳೆಗೆ ಬಿಟ್ಟರೆ ಸಿಟ್ಟು ಆರಿಹೋದೀತು ಎಂಬ ಹೆದರಿಕೆ.

ಬೆಳಿಗ್ಗೆ ಹೊರಟಾಗ ಎಷ್ಟು ಖುಷಿಯಲ್ಲಿದ್ದೆ! ಟೂರಿಸಂ ಡಿಪ್ಲೊಮಾ ಓದಲು ದುಬೈಗೆ ಬಂದು ನಾಲ್ಕು ತಿಂಗಳಾದರೂ ಕಾಲೇಜು ಮತ್ತು ಅಲ್ ನಹ್ದಾದ ಚಿಕ್ಕಪ್ಪನ ಮನೆ ಬಿಟ್ಟು ಮೂರನೆಯ ಜಾಗ ನೋಡಿರಲಿಲ್ಲ. ನಾನೇ ಬಿಡುವು ಮಾಡಿಕೊಂಡು ತೋರಿಸುತ್ತೇನೆ, ಒಬ್ಬಳೇ ಎಲ್ಲೂ ಹೋಗಬೇಡ ಎಂದಿದ್ದರು ಚಿಕ್ಕಪ್ಪ. ಆ ಬಿಡುವು ಬರಲೇ ಇಲ್ಲ. ಕೊನೆಗೆ ನಮ್ಮ ಕಾಲೇಜಿನ ಪಾಯ್ಸ್ ಸರ್ ಪುಣ್ಯ ಕಟ್ಟಿಕೊಂಡರು. ಬೆಳಗಿನಿಂದ ಸಂಜೆಯವರೆಗೆ ಪ್ರವಾಸಿಯ ಹಾಗೆ ಊರು ಸುತ್ತಿ, ಕಂಡದ್ದನ್ನು ಬರೆದು ತನ್ನಿ ಎಂದು ಎಲ್ಲರಿಗೂ ಹೋಂವರ್ಕ್ ಕೊಟ್ಟರು. ಕಾಲೇಜಿನ ಕೆಲಸ ಎಂದ ಮೇಲೆ ಚಿಕ್ಕಪ್ಪನೂ ಬೇಡವೆನ್ನಲಿಲ್ಲ.

ಜೊತೆಗೆ ಕ್ಲಾಸಿನ ಗೆಳತಿ ಮುನೀರಾ. ಅವಳ ಮನೆಯವರು ಉಳ್ಳಾಲದ ಬ್ಯಾರಿಗಳು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಬಸ್ಸಿನುದ್ದಕ್ಕೂ ಚೀನಾದಲ್ಲಿ ಡಾಕ್ಟರಿಕೆ ಓದುತ್ತಿರುವ ಅಣ್ಣ ನೌಶಾದನದೇ ಸುದ್ದಿ. ವಾರಕ್ಕೊಂದು ಮಹಾಗೋಡೆಯ ಫೋಟೊ ಕಳಿಸುತ್ತಾನಂತೆ, ಪರೀಕ್ಷೆಯ ಫಲಿತಾಂಶ ಮಾತ್ರ ಕಳಿಸುವುದಿಲ್ಲವಂತೆ.

ನನಗೇನೂ ಗೈಡ್ ಬೇಕಿರಲಿಲ್ಲ. ದುಬೈ ನನಗೆ ಬಾಯಿಪಾಠ. 1995ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಚಿಕ್ಕಮ್ಮನ ಬಾಣಂತನಕ್ಕೆಂದು ಅಮ್ಮ ವಿಸಿಟ್ ವೀಸಾದಲ್ಲಿ ಬಂದು ಇಲ್ಲಿ ಎಂಬತ್ತೆಂಟು ದಿನ ಇದ್ದಳು. ಹುಣಸೂರಿಗೆ ವಾಪಸಾಗುವಾಗ ತಂದದ್ದು ಒಂದು ಕಂಬಳಿ, ಒಂದು ಕ್ಯಾಲೆಂಡರು, ಮುಗಿಯದಷ್ಟು ಕಥೆ. ಊಟಕ್ಕೆ ಕೂತರೆ ದುಬೈ, ತಲೆ ಬಾಚುವಾಗ ದುಬೈ. ಊರ ನಡುವಿನ ಕಡಲ ಕವಲು ಕ್ರೀಕನ್ನು ದಾಟಿಸುವ ದೋಣಿಗೆ ಅಬ್ರಾ ಎನ್ನುತ್ತಾರೆ, ಅದರಲ್ಲಿ ಕೆಂಪು ಮಖಮಲ್ಲಿನ ದಿಂಬು ಹಾಕಿರುತ್ತಾರೆ, ಬಿಳಿ ನಿಲುವಂಗಿ ತೊಟ್ಟವನೊಬ್ಬ ಹಿತ್ತಾಳೆ ಹೂಜಿಯಿಂದ ಕಾಫಿ ಬಗ್ಗಿಸಿ ಕೊಡುತ್ತಾನೆ, ಚಿನ್ನದ ಪೇಟೆಗೆ ಬಣ್ಣದ ಗಾಜಿನ ಸೂರು. ನಮ್ಮ ಬೀದಿಯ ಹೆಂಗಸರೆಲ್ಲ ಅಮ್ಮನ ಬಾಯಿಂದ ಇದನ್ನು ಕೇಳಿದವರೇ.

ಅಬ್ರಾ ಹತ್ತಿದೆ. ನಡುವೆ ಒಂದು ಉದ್ದದ ಹಲಗೆ, ಅದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಇಪ್ಪತ್ತು ಜನ, ಡೀಸೆಲ್ ವಾಸನೆ. ದಿಂಬೆಲ್ಲಿ ಎಂದು ಕೇಳಿದ್ದಕ್ಕೆ ಮುನೀರಾ ಬಿದ್ದು ಬಿದ್ದು ನಕ್ಕಳು. ಈಗ ತೆಗೆದಿರಬೇಕು ಎಂದುಕೊಂಡೆ. ಚಿನ್ನದ ಪೇಟೆಯ ಸೂರು ಮರದ್ದು. ಅದನ್ನೂ ಬದಲಾಯಿಸಿರಬೇಕು ಎಂದುಕೊಂಡೆ. ಒಂದೊಂದಕ್ಕೂ ಅಮ್ಮನ ಪರವಾಗಿ ನಾನೇ ಸಬೂಬು ಹುಡುಕುತ್ತ ಹೋದೆ. ಸಂಜೆ ಜುಮೇರಾ ಕಡಲತೀರದ ಮರಳಿನ ಮೇಲೆ ಕೂತು, ಅಮ್ಮ ದಿನಾ ಮಗುವನ್ನು ಮಲಗಿಸಿ ಚಿಕ್ಕಮ್ಮನ ಜೊತೆ ಕ್ರೀಕಿನವರೆಗೆ ನಡೆದುಕೊಂಡು ಬರುತ್ತಿದ್ದಳು ಎಂದು ಹೇಳಿದೆ. ಆಗ ಅವರ ಮನೆ ಎಲ್ಲಿತ್ತು ಎಂದು ಮುನೀರಾ ಕೇಳಿದಳು. ಖಾಲಿದಿಯಾದಲ್ಲಿ ಎಂದೆ.

"ಎಂತ ಮಾರಾಯ್ತಿ, ಖಾಲಿದಿಯಾ ಇರುವುದು ಅಬುಧಾಬಿಯಲ್ಲಿ. ಕಾರಲ್ಲಿ ಹೋದರೇ ಎರಡು ಗಂಟೆ ಉಂಟು. ನಿನ್ನಮ್ಮ ನಡೆದದ್ದಾ?"

ನಗುತ್ತಿದ್ದವಳು ನನ್ನ ಮುಖ ನೋಡಿ ನೀರಿನ ಬಾಟಲಿ ಮುಂದೆ ಹಿಡಿದಳು.

ಕೆಂಪು ದಿಂಬು, ಹೂಜಿ, ಗಾಜಿನ ಸೂರು, ಎಲ್ಲವೂ ಆ ಕ್ಯಾಲೆಂಡರಿನ ಚಿತ್ರಗಳು. ಯಾವ ಅರಮನೆಯ ದೋಣಿಯೋ, ಯಾವ ಹೋಟೆಲಿನ ಸೂರೋ. ಹನ್ನೆರಡು ವರ್ಷದಿಂದ ಅದು ನಮ್ಮ ನಡುಮನೆಯ ಗೋಡೆಯ ಮೇಲಿದೆ, ತೆಗೆಯಲು ಅಮ್ಮ ಬಿಟ್ಟಿಲ್ಲ. ಅಮ್ಮ ಇಲ್ಲಿ ಏನನ್ನೂ ನೋಡಲಿಲ್ಲ. ಎಣ್ಣೆ ನೀರು ಹಾಕಿಸಿಕೊಂಡು, ಬಟ್ಟೆ ಒಗೆಸಿಕೊಂಡು, ಒಂದು ದಿನವೂ ಹೊರಗೆ ಕರೆದುಕೊಂಡು ಹೋಗದೆ ಕೆಲಸದವಳನ್ನು ಸಾಗಹಾಕುವ ಹಾಗೆ ವಿಮಾನ ಹತ್ತಿಸಿದ್ದಾಳೆ ನಮ್ಮ ಚಿಕ್ಕಮ್ಮ, ಈ ಚೆಲುವಮ್ಮ. ಆ ಮೂರು ತಿಂಗಳಲ್ಲೇ ನನಗೆ ಟೈಫಾಯಿಡ್ ಬಂದಿತ್ತು. ಅಮ್ಮಾ ಅಮ್ಮಾ ಎಂದು ನಾನು ಅಲ್ಲಿ ಕನವರಿಸುವಾಗ ಅಮ್ಮ ಇಲ್ಲಿ ಇವಳ ಬೆನ್ನು ತಿಕ್ಕುತ್ತಿದ್ದಳು.

ಬಿಡುವುದಿಲ್ಲ. ನಾಲ್ಕು ಜನರೆದುರು ಇವಳ ಮುಖದ ನೀರಿಳಿಸದಿದ್ದರೆ ನಾನು ನನ್ನಮ್ಮನ ಮಗಳೇ ಅಲ್ಲ.

ಜನವರಿ 13, ಶನಿವಾರ

ಬೆಳಿಗ್ಗೆ ಅಡುಗೆಮನೆಗೆ ಹೋಗಿ ಬೇಕೆಂದೇ ಕೇಳಿದೆ. ನೀವೂ ಅಮ್ಮನೂ ಆಗ ತುಂಬಾ ಸುತ್ತಿದ್ದಿರಂತೆ, ಹೌದಾ? ಇವಳು ಒಗ್ಗರಣೆಗೆ ಸಾಸಿವೆ ಹಾಕಿದ್ದಳು. ಸಾಸಿವೆ ಸೀದು ಹೊಗೆಯೆದ್ದರೂ ಕೈ ಆಡಲಿಲ್ಲ. ಹಜಾರದಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಪ್ಪನ ಕಡೆ ಒಮ್ಮೆ ನೋಡಿ, "ಹೂಂ, ಸುತ್ತಿದ್ವಿ" ಎಂದಳು ಸಣ್ಣ ದನಿಯಲ್ಲಿ.

ಕಳ್ಳಿ. ಗಂಡನ ಕಿವಿಗೆ ಬಿದ್ದೀತು ಎಂಬ ಭಯ. ಪಾಪ, ಚಿಕ್ಕಪ್ಪನಿಗೆ ಹೇಗೆ ಗೊತ್ತಿರಬೇಕು? ಆಗ ಅವರಿಗೆ ರುವೈಸಿನ ರಿಫೈನರಿಯಲ್ಲಿ ಕೆಲಸ. ಮರುಭೂಮಿಯ ಆ ತುದಿಯಲ್ಲಿ ಕಂಪನಿ ಕ್ವಾರ್ಟರ್ಸಿನಲ್ಲಿದ್ದುಕೊಂಡು ಹದಿನೈದು ದಿನಕ್ಕೊಮ್ಮೆ ಖಾಲಿದಿಯಾದ ಮನೆಗೆ ಬರುತ್ತಿದ್ದರು. ಅವರು ಅತ್ತ ಹೋದರೆ ಇತ್ತ ಇವಳದೇ ದರ್ಬಾರು.

ಈಗಲೂ ಅಷ್ಟೆ. ಮನೆ ಬಿಟ್ಟು ಕದಲುವುದಿಲ್ಲ. ಲಿಫ್ಟಿನಲ್ಲಿ ಇಳಿದರೆ ಅಂಗಡಿ, ಅಲ್ಲಿಗೂ ಹೋಗುವುದಿಲ್ಲ, ಫೋನ್ ಮಾಡಿ ತರಿಸುತ್ತಾಳೆ. ಹೊರಗೆ ಹೋಗಲೇಬೇಕಾದರೆ ಗಂಡ ಬಂದು ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಎಂಥಾ ಗತ್ತು ನೋಡು.

ಜನವರಿ 19, ಶುಕ್ರವಾರ

ಅಮ್ಮನಿಗೆ ಫೋನ್ ಮಾಡಿದೆ. ಅಬ್ರಾ ಹತ್ತಿದೆ ಎಂದೆ. "ದಿಂಬು ಹಾಗೇ ಇದೆಯಾ?" ಎಂದು ಕೇಳಿದಳು. ಹಾಗೇ ಇದೆ ಎಂದೆ. ಬೇರೆ ಏನು ಹೇಳಲಿ?

ಆಮೇಲೆ ಎಂದಿನ ಪ್ರಶ್ನೆ. "ಪಾಸ್‌ಪೋರ್ಟ್ ಎಲ್ಲಿದೆ ಸಮೀ?" ನಾನು ವಿಮಾನ ಹತ್ತುವಾಗ ಹೇಳಿದ್ದೂ ಅದೊಂದೇ, ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ ಅಂತ. ಚಿಕ್ಕಪ್ಪನ ಆಫೀಸಿನ ಲಾಕರಿನಲ್ಲಿ ಭದ್ರವಾಗಿದೆ ಎಂದು ಇದು ಎಷ್ಟನೇ ಸಲವೋ ಹೇಳಿದೆ. ವೀಸಾ ಸ್ಟಾಂಪಿಂಗ್ ಆದ ದಿನವೇ ಅವರು ತೆಗೆದು ಇಟ್ಟಿದ್ದಾರೆ. ಇಷ್ಟು ಜವಾಬ್ದಾರಿಯ ಮನುಷ್ಯ ಬೇರೆ ಯಾರಿದ್ದಾರೆ? ಅಷ್ಟರಲ್ಲಿ ಫೋನ್ ಕಾರ್ಡ್ ಮುಗಿಯಿತು.

ವಯಸ್ಸಾಗುತ್ತ ಅಮ್ಮನಿಗೆ ಅನುಮಾನ ಜಾಸ್ತಿಯಾಗುತ್ತಿದೆ.

ಫೆಬ್ರವರಿ 2, ಶುಕ್ರವಾರ

ಇವತ್ತು ಮೊದಲನೇ ಏಟು. ಮಧ್ಯಾಹ್ನ ಚಿಕ್ಕಪ್ಪನ ಆಫೀಸಿನವರು ನಾಲ್ಕು ಜನ ಊಟಕ್ಕೆ ಬಂದಿದ್ದರು. ಇವಳು ತಟ್ಟೆ ಇಡಲು ಅತ್ತ ಹೋದಾಗ ಹುಳಿಗೆ ಎರಡು ಹಿಡಿ ಉಪ್ಪು ಸುರಿದೆ.

ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು. ಚಿಕ್ಕಪ್ಪ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದರು. ಕೂಗಾಡಲಿಲ್ಲ. ನಗುನಗುತ್ತಲೇ, ಹದಿನೈದು ವರ್ಷದಿಂದ ಇವಳಿಗೆ ಅನ್ನ ಹಾಕುತ್ತಿದ್ದೇನೆ, ಇನ್ನೂ ಉಪ್ಪಿನ ಅಳತೆ ಕಲಿತಿಲ್ಲ ಎಂದರು. ಬಂದವರು ಹೋ ಎಂದು ನಕ್ಕರು. ಇವಳು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ರುಚಿ ನೋಡಿದವಳು ತಾನೇ, ಉಪ್ಪು ತನ್ನದಲ್ಲವೆಂದು ಗೊತ್ತು. ನನ್ನ ಕಡೆ ಒಮ್ಮೆ ನೋಡಿದಳು. ಬಂದವರಿಗೆ ಮೊಸರು ಬಡಿಸಿದಳು.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಇವಳ ಮಗಳು ಚಂದು ಎದ್ದು ಬಂದು, "ಅಮ್ಮಾ, ಐ ಲೈಕ್ ಇಟ್" ಎಂದು ಆ ಹುಳಿಯನ್ನೇ ಅನ್ನಕ್ಕೆ ಸುರಿದುಕೊಂಡು ಉಂಡಾಗ ನನಗೆ ಊಟ ಸೇರಲಿಲ್ಲ. ಅಮ್ಮ ಬಾಣಂತನ ಮಾಡಿದ ಕೂಸು ಅದು. ಸಂಜೆ ಪಾತ್ರೆಯೆಲ್ಲ ನಾನೇ ತೊಳೆದೆ. ಸುಮ್ಮನೆ, ಬೇರೆ ಕೆಲಸವಿರಲಿಲ್ಲ.

ಫೆಬ್ರವರಿ 8, ಗುರುವಾರ

ದೇವರು ದೊಡ್ಡವನು! ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರತಿಯೊಬ್ಬರೂ ನಿಜವಾದ ಅತಿಥಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಒಂದು ದಿನದ ಟೂರ್ ಮಾಡಿಸಬೇಕಂತೆ. ಚೀಟಿ ಎತ್ತಿದಾಗ ನನಗೆ ಬಂದದ್ದು ಅಬುಧಾಬಿ. ಮಾರ್ಚ್ 9, ಶುಕ್ರವಾರ. ಬಸ್ಸಿಗೆ ಮೈಕ್ ಇರುತ್ತದೆ.

ಚಿಕ್ಕಪ್ಪನಿಗೆ ಹೇಳಿದೆ. ಅವರು ಇಲ್ಲಿಯ ಕನ್ನಡ ಬಳಗದ ಕಾರ್ಯದರ್ಶಿ. ಬಳಗದ ಹೆಂಗಸರನ್ನೇ ಕರೆದುಕೊಂಡು ಹೋಗು, ನಾನೂ ಬರುತ್ತೇನೆ, ಮುಂದಿನ ಸೀಟು ನನಗೆ ಎಂದರು. ಚಿಕ್ಕಮ್ಮನೂ ಬರಲಿ ಎಂದೆ, ಬೆಣ್ಣೆಯಂಥ ದನಿಯಲ್ಲಿ. ಅವಳೇನು ನೋಡುವುದಿದೆ ಎಂದವರು ಆಮೇಲೆ ಒಪ್ಪಿದರು.

ಕಡಲಂಚಿನ ಕಾರ್ನಿಷ್ ರಸ್ತೆ, ಹೆರಿಟೇಜ್ ವಿಲೇಜ್, ಕೊನೆಗೆ ಪಟ್ಟಿಯಲ್ಲಿಲ್ಲದ ಒಂದು ಜಾಗ. ಖಾಲಿದಿಯಾದ ಆ ಮನೆಯ ಮುಂದೆ ಬಸ್ ನಿಲ್ಲಿಸುತ್ತೇನೆ. ಮೈಕಿನಲ್ಲಿ ಎಲ್ಲವನ್ನೂ ಹೇಳುತ್ತೇನೆ. ಇವಳ ಗೆಳತಿಯರೆದುರೇ, ಇವಳ ಗಂಡನೆದುರೇ.

ಫೆಬ್ರವರಿ 17, ಶನಿವಾರ

ಇಂಟರ್ನ್‌ಷಿಪ್ ಅರ್ಜಿಗೆ ಅಸಲು ಪಾಸ್‌ಪೋರ್ಟ್ ತೋರಿಸಬೇಕು. ಚಿಕ್ಕಪ್ಪನನ್ನು ಇವತ್ತು ಮೂರನೇ ಸಲ ಕೇಳಿದೆ. ಏನವಸರ, ಓಡಿ ಹೋಗ್ತೀಯಾ ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಆಮೇಲೆ ಚಿಕ್ಕಮ್ಮ ಬಟ್ಟೆ ಮಡಿಸುವ ನೆಪ ಮಾಡಿಕೊಂಡು ರೂಮಿಗೆ ಬಂದು, ಜೆರಾಕ್ಸ್ ಆದರೂ ನಿನ್ನ ಹತ್ತಿರ ಇದೆಯಾ ಎಂದು ಕೇಳಿದಳು. ಇದೆ ಎಂದೆ. ಎರಡು ಮಾಡಿಸು, ಒಂದು ಕಾಲೇಜಿನಲ್ಲಿ ಇಟ್ಟುಕೋ ಎಂದಳು. ಇವಳಿಗ್ಯಾಕೆ ನನ್ನ ಉಸಾಬರಿ? ಮಾಡಿಸಿದೆ, ಅದು ಬೇರೆ ಮಾತು.

ಫೆಬ್ರವರಿ 24, ಶನಿವಾರ

ಆ ಮನೆಯನ್ನು ಹುಡುಕುವುದು ಹೇಗೆ? ಅದಕ್ಕೇ ಚಿಕ್ಕಮ್ಮನನ್ನು ಪುಸಲಾಯಿಸಿದೆ. ಖಾಲಿದಿಯಾದಲ್ಲಿ ಯಾವ ಬೀದಿ, ಕಟ್ಟಡದ ಹೆಸರೇನು? ಗೊತ್ತಿಲ್ಲ ಎಂದರು. ಕೆಳಗೆ ಯಾವ ಅಂಗಡಿ ಇತ್ತು? ಅದೂ ಗೊತ್ತಿಲ್ಲ. ಮೂರು ವರ್ಷ ಇದ್ದ ಮನೆ! ಎದುರಿಗೆ ಏನಿತ್ತು ಎಂದು ಕೇಳಿದ್ದೇ ತಡ, ಪೆನ್ಸಿಲ್ ತೆಗೆದುಕೊಂಡು ಚಂದುವಿನ ನೋಟ್‌ಬುಕ್ಕಿನಲ್ಲಿ ಚಿತ್ರವನ್ನೇ ಬರೆದರು. ಎದುರಿಗೆ ಹಸಿರು ಬೋರ್ಡಿನ ಟೈಲರ್ ಅಂಗಡಿ, ಪಕ್ಕದಲ್ಲಿ ಇಸ್ತ್ರಿಯವನು, ಅವನು ಎಡಗೈಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಮಸೀದಿಯ ಎರಡು ಮಿನಾರು, ನಡುವೆ ನೀರಿನ ಟ್ಯಾಂಕು. ಮೂರು ಖರ್ಜೂರದ ಮರ, ಒಂದು ಬಾಗಿದ್ದು. ಚಿತ್ರದ ಸುತ್ತ ಕಿಟಕಿಯಂಥ ಒಂದು ಚೌಕ ಎಳೆದರು.

ಬೀದಿಯಲ್ಲಿರುವ ಇಸ್ತ್ರಿಯವನ ಕೈ ನೆನಪಿದೆ, ತಮ್ಮ ಕಟ್ಟಡದ ಹೆಸರು ನೆನಪಿಲ್ಲ. ವಿಚಿತ್ರ ಹೆಂಗಸು. ಆದರೆ ಚಿತ್ರ ಚೆನ್ನಾಗಿ ಬರೆಯುತ್ತಾರೆ. ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 8, ಗುರುವಾರ

ಭಾಷಣ ಬರೆದಾಯಿತು. ನಾಲ್ಕೇ ಸಾಲು. ಉದ್ದ ಮಾಡಿದರೆ ಏಟಿನ ಬಿಸಿ ಆರಿಹೋಗುತ್ತದೆ.

ಚಿಕ್ಕಮ್ಮ ನಾಳೆಗೆ ಇಪ್ಪತ್ತೆರಡು ಜನಕ್ಕೆ ಪುಳಿಯೋಗರೆ ಕಲಸಿದ್ದಾರೆ. ನನ್ನ ಯೂನಿಫಾರಂ ಕೋಟಿಗೆ ತಾವೇ ಇಸ್ತ್ರಿ ಹಾಕಿ ಬಾಗಿಲ ಹಿಂದೆ ನೇತುಹಾಕಿದ್ದಾರೆ. ಹೆದರಬೇಡ, ಮೈಕ್ ಬಾಯಿಗೆ ತೀರಾ ಹತ್ತಿರ ಹಿಡಿಯಬೇಡ ಎಂದರು. ಬರೆದಿಟ್ಟ ಹಾಳೆಯನ್ನು ಎರಡು ಸಲ ಬಿಚ್ಚಿ ಮಡಿಸಿದೆ. ಪರೀಕ್ಷೆಯ ಹೆದರಿಕೆ ಇರಬೇಕು. ಟೈಫಾಯಿಡ್ ಬಂದ ಆ ಹತ್ತು ದಿನವನ್ನು ನೆನಪು ಮಾಡಿಕೊಂಡೆ. ಸರಿಹೋಯಿತು.

ಮಾರ್ಚ್ 9, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಏಳೂವರೆಗೆ ಅಲ್ ನಹ್ದಾದಿಂದ ಹೊರಟೆವು. ಡ್ರೈವರ್ ಪುರಂದರ ಅಣ್ಣ, ಉಡುಪಿಯವರು. ಮುಂದಿನ ಸೀಟಿನಲ್ಲಿ ಚಿಕ್ಕಪ್ಪ, ಹಿಂದೆ ಅಂಕದ ಹಾಳೆ ಹಿಡಿದ ಪಾಯ್ಸ್ ಸರ್, ನಡುವೆ ಬಳಗದ ಹೆಂಗಸರು. ಕಿಟಕಿಯ ಪಕ್ಕ ಚಿಕ್ಕಮ್ಮ, ಅವರ ಪಕ್ಕದಲ್ಲಿ, ಹುಡುಗಿಯರನ್ನೆಲ್ಲ ಕೊಂಕಣಿಯಲ್ಲಿ ಬಾಯಿ ಎಂದೇ ಕರೆಯುವ ಲೂರ್ದ್ ಆಂಟಿ. ಕಾರ್ನಿಷ್‌ನಲ್ಲಿ ಪುಳಿಯೋಗರೆ ಖಾಲಿಯಾಯಿತು. ಹೆರಿಟೇಜ್ ವಿಲೇಜಿನಲ್ಲಿ ನಾನು ಒಂಟೆ, ಮುತ್ತು, ಎಣ್ಣೆ ಎಂದು ತಡವರಿಸದೆ ಹೇಳಿದೆ. ನಮ್ಮ ಹುಡುಗಿ ಎಂದು ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದರು.

ಖಾಲಿದಿಯಾದ ಕಡೆ ತಿರುಗುವಾಗ ಲೂರ್ದ್ ಆಂಟಿ, ದುಬೈಯ ಅಬ್ರಾದಲ್ಲಿ ಕೂತಿದ್ದೀರಾ ಎಂದು ಚಿಕ್ಕಮ್ಮನನ್ನು ಕೇಳಿದ್ದು ಕಿವಿಗೆ ಬಿತ್ತು. "ಹೂಂ, ಕೆಂಪು ದಿಂಬು ಹಾಕಿರ್ತಾರಲ್ಲ" ಎಂದರು ಚಿಕ್ಕಮ್ಮ. ಲೂರ್ದ್ ಆಂಟಿ ಗೊಳ್ಳೆಂದು ನಕ್ಕರು. ನನ್ನ ಕೈಯಲ್ಲಿ ಮೈಕಿತ್ತು. ಅಮ್ಮನ ದಿಂಬು ಇವರ ಬಾಯಿಗೆ ಹೇಗೆ ಬಂತು? ಐದು ವರ್ಷದಿಂದ ದುಬೈಯಲ್ಲೇ ಇದ್ದಾರೆ, ಒಂದು ಸಲವೂ ಅಬ್ರಾ ಹತ್ತಿಲ್ಲವೇ? ಯೋಚಿಸಲು ಪುರುಸೊತ್ತಿರಲಿಲ್ಲ. ಪುರಂದರ ಅಣ್ಣ ಆ ಚಿತ್ರ ಹಿಡಿದುಕೊಂಡು ಎರಡು ಮಿನಾರು, ನಡುವೆ ಟ್ಯಾಂಕು ಹುಡುಕಿ ಬಸ್ ನಿಲ್ಲಿಸಿಯೇ ಬಿಟ್ಟಿದ್ದರು. ಟೈಲರ್ ಅಂಗಡಿ ಇರಲಿಲ್ಲ. ಬಾಗಿದ ಖರ್ಜೂರದ ಮರ ಇತ್ತು.

ಚಿಕ್ಕಮ್ಮ ಗಾಜಿಗೆ ಹಣೆ ಒತ್ತಿಕೊಂಡರು. "ನಮ್ಮ ಮನೆ" ಎಂದರು. ಆಮೇಲೆ, "ಬಾಗಿಲು ಈ ಕಡೆಗಿತ್ತಾ?"

ಇಷ್ಟಾದರೂ ನಾನು ನಿಲ್ಲಿಸಲಿಲ್ಲ. ಎಂಟು ವಾರ ಕಾಯಿಸಿದ ಎಣ್ಣೆ, ಸುರಿದೇಬಿಟ್ಟೆ.

"ಈ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮಮ್ಮ ಎಂಬತ್ತೆಂಟು ದಿನ ಇದ್ದಳು. ಬಾಣಂತನ ಮಾಡೋಕೆ ಬಂದವಳು. ಈ ದೇಶದ ಒಂದು ಬೀದಿಯನ್ನೂ ನೋಡದೆ ವಾಪಸ್ ಹೋದಳು. ಯಾಕೆ ಅಂತ ನಮ್ಮ ಚಿಕ್ಕಮ್ಮನೇ ನಿಮಗೆ ಹೇಳ್ತಾರೆ."

ಮೈಕನ್ನು ಅವರ ಮುಂದೆ ಹಿಡಿದೆ. ಅಳುತ್ತಾರೆ, ಇಲ್ಲವೇ ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಾಯಿಂದ ಸ್ವಲ್ಪ ದೂರ ಹಿಡಿದರು.

"ನಿಜ. ಅಕ್ಕ ಏನೂ ನೋಡ್ಲಿಲ್ಲ. ನಾನೂ ನೋಡಿರಲಿಲ್ಲ. ನಮ್ಮಿಬ್ಬರ ಪಾಸ್‌ಪೋರ್ಟೂ ರುವೈಸಿನಲ್ಲಿ, ಇವರ ಬೀರುವಿನಲ್ಲಿ ಇತ್ತು. ಅದು ಕೈಯಲ್ಲಿಲ್ಲದೆ ಮೆಟ್ಟಿಲು ಇಳಿದ್ರೆ ಪೊಲೀಸ್ನೋರು ಹಿಡ್ಕೊಂಡು ಹೋಗ್ತಾರೆ ಅಂದಿದ್ರು. ನಂಬಿದ್ವಿ. ನಮಗೇನು ಗೊತ್ತಿತ್ತು? ಸಾಮಾನನ್ನ ಅಂಗಡಿಯವನು ಬಾಗಿಲಿಗೆ ತಂದಿಡೋನು. ಊರಿಗೆ ಹೊರಡೋ ಮುಂಚೆ ಅಕ್ಕ, ಜನ ಕೇಳಿದ್ರೆ ಏನು ಹೇಳೋದು ಚೆಲುವಿ ಅಂದ್ರು. ಇಬ್ರೂ ಕ್ಯಾಲೆಂಡರ್ ಮುಂದಿಟ್ಕೊಂಡು ಕೂತ್ವಿ. ಜನವರಿಗೊಂದು ಜಾಗ, ಫೆಬ್ರವರಿಗೊಂದು ಜಾಗ. ಮಾತು ತಪ್ಪಬಾರದು ಅಂತ ಬಾಯಿಪಾಠ ಮಾಡಿದ್ವಿ. ಅಷ್ಟೇ."

ಚಿಕ್ಕಪ್ಪ ಹಿಂದಕ್ಕೆ ತಿರುಗಿ ಎಲ್ಲರ ಮುಖ ನೋಡಿ ಹುಳ್ಳಗೆ ನಕ್ಕರು. ಆಗಿನ ಕಾಲ ಹಾಗಿತ್ತು, ಹೆಂಗಸರ ಕ್ಷೇಮ ನಾವೇ ನೋಡಬೇಕಲ್ಲ ಎಂದರು. ಲೂರ್ದ್ ಆಂಟಿ ಚಿಕ್ಕಮ್ಮನ ಹೆಗಲ ಮೇಲೆ ಕೈ ಹಾಕಿದರು. ಖಲಾಸ್, ಬಸ್ ಬಿಡಿ ಎಂದು ಚಿಕ್ಕಪ್ಪ ಪುರಂದರ ಅಣ್ಣನಿಗೆ ಹೇಳಿದರು.

"ಗೈಡ್ ಹೇಳದೆ ಬಸ್ ಬಿಡ್ಲಿಕ್ಕಿಲ್ಲ ಸರ್" ಎಂದರು ಪುರಂದರ ಅಣ್ಣ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

ನನ್ನ ತಲೆಯೊಳಗೆ ಒಂದೊಂದೇ ಬಂದು ಕೂರುತ್ತಿತ್ತು. ಪ್ರತಿ ಫೋನಿನಲ್ಲೂ ಅಮ್ಮನ ಅದೇ ಪ್ರಶ್ನೆ. ಓಡಿ ಹೋಗ್ತೀಯಾ ಎಂಬ ತಮಾಷೆ. ಎರಡು ಜೆರಾಕ್ಸ್. ಕೆಳಗಿನ ಅಂಗಡಿಗೂ ಇಳಿಯದ ಹೆಂಗಸು. ನಾನೆಂಥ ದಡ್ಡಿ! ಆರು ತಿಂಗಳಿಂದ ಅದೇ ಮನೆಯಲ್ಲಿ ಉಂಡು ಮಲಗಿದ್ದೇನೆ. ಚಿಕ್ಕಮ್ಮನ ಹುಳಿಗೆ ಉಪ್ಪು ಸುರಿದಿದ್ದೇನೆ. ಮೈಯೆಲ್ಲ ಉರಿದುಹೋಯಿತು. ಸಿಟ್ಟು ಒಂದಿಷ್ಟೂ ಕಡಿಮೆಯಾಗಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿತು. ಮೈಕ್ ವಾಪಸ್ ತೆಗೆದುಕೊಂಡೆ.

"ಚಿಕ್ಕಪ್ಪ, ನನ್ನ ಪಾಸ್‌ಪೋರ್ಟ್ ನಿಮ್ಮ ಲಾಕರಿನಲ್ಲಿದೆ. ಭಾನುವಾರ ಸಂಜೆ ನನಗೆ ಬೇಕು. ಸೋಮವಾರ ಲೂರ್ದ್ ಆಂಟಿಗೆ ಫೋನ್ ಮಾಡಿ ಬಂತೋ ಇಲ್ಲವೋ ಹೇಳ್ತೀನಿ. ಅವರು ಉಳಿದವರಿಗೆಲ್ಲ ಹೇಳ್ತಾರೆ."

"ಹೇಳ್ತೇನೆ ಬಾಯಿ, ಖಂಡಿತ ಹೇಳ್ತೇನೆ" ಎಂದರು ಲೂರ್ದ್ ಆಂಟಿ.

ಚಿಕ್ಕಪ್ಪನ ಮುಖದ ನೀರಿಳಿದದ್ದನ್ನು ಕಣ್ಣಾರೆ ಕಂಡೆ. ಅದನ್ನು ನೋಡಬೇಕೆಂದೇ ಇಷ್ಟು ದಿನ ಕಾದಿದ್ದು, ಮುಖ ಬೇರೆ ಅಷ್ಟೆ.

ಆಮೇಲೆ ಚಿಕ್ಕಮ್ಮನ ಕೈ ಹಿಡಿದು ಕೆಳಗಿಳಿಸಿದೆ. ಕಟ್ಟಡದ ಬಾಗಿಲನ್ನು ಮುಟ್ಟಿ ನೋಡಿದರು. ಮೂಲೆಯವರೆಗೆ ನಡೆದರು, ಅದರಾಚೆಯ ಮೂಲೆಯವರೆಗೂ ನಡೆದರು. ಅಲ್ಲಿ ರಸ್ತೆಯ ತುದಿಗೆ ನೀಲಿ ಕಾಣಿಸಿತು.

"ಕಡಲು ಇಷ್ಟು ಹತ್ತಿರ ಇತ್ತಾ?" ಎಂದರು. "ಅಕ್ಕನಿಗೆ ಕಡಲು ಅಂದ್ರೆ ಪ್ರಾಣ. ದಿನಾ ಕೇಳೋರು, ಎಷ್ಟು ದೂರ ಇರಬಹುದು ಅಂತ."

ನಾನು ಅತ್ತೆ. ಅವರು ಅಳಲಿಲ್ಲ. ಟೂರ್ ನಲವತ್ತು ನಿಮಿಷ ತಡವಾಯಿತು, ಪಾಯ್ಸ್ ಸರ್ ಸಮಯ ಪಾಲನೆಯಲ್ಲಿ ಐದು ಅಂಕ ಕಡಿದರು. ಕಡಿಯಲಿ.

ಮಾರ್ಚ್ 10, ಶನಿವಾರ

ಅಮ್ಮನಿಗೆ ಎಲ್ಲ ಹೇಳಿದೆ. ಬೈಗುಳ ಸಿಕ್ಕಿತು. ಚೆಲುವಿಯನ್ನ ಎಲ್ಲರೆದುರು ನಿಲ್ಲಿಸಿದೆಯಾ, ನಿನಗೆ ಬುದ್ಧಿ ಇದೆಯಾ ಎಂದು ಕೂಗಾಡಿದಳು. ಹೇಳಬಹುದಿತ್ತಲ್ಲ ನನಗೆ ಎಂದು ನಾನೂ ಕೂಗಿದೆ. ಹೇಳಿದ್ದರೆ ನಿನ್ನಪ್ಪ ತಮ್ಮನ ಮುಖ ನೋಡುತ್ತಿರಲಿಲ್ಲ, ಚೆಲುವಿ ಅಲ್ಲಿ ಒಬ್ಬಳೇ ಆಗುತ್ತಿದ್ದಳು, ಕಷ್ಟ ಬಂದರೆ ಅವಳು ಯಾರಿಗೆ ಕಾಗದ ಬರೆಯಬೇಕಿತ್ತು ಎಂದಳು. ನೀನು ಹೊರಡುವಾಗ ಬೇಡವೆಂದೆ, ಅಪ್ಪ ಮಗಳು ಇಬ್ಬರೂ ನನ್ನ ಮಾತು ಕೇಳಲಿಲ್ಲ ಎಂದೂ ಅಂದಳು. ಅದು ನಿಜ. ಅಮ್ಮನಿಗೆ ಹೊಟ್ಟೆಕಿಚ್ಚು ಎಂದು ನಾನೇ ಅಪ್ಪನಿಗೆ ಹೇಳಿದ್ದೆ.

ಚಿಕ್ಕಪ್ಪ ನಿನ್ನೆಯಿಂದ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಿಲ್ಲ. ಬಳಗದಿಂದ ಮೂರು ಫೋನ್ ಬಂದವು. ಮೂರೂ ಚಿಕ್ಕಮ್ಮನಿಗೆ.

ಮಾರ್ಚ್ 12, ಸೋಮವಾರ

ನಿನ್ನೆ ಸಂಜೆ ಚಿಕ್ಕಪ್ಪ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಎಸೆದ. ಅನ್ನ ಹಾಕಿದ ಮನೆಗೆ ಹೀಗೆ ಮಾಡಿದೆಯಲ್ಲ ಎಂದ. ಎತ್ತಿಕೊಂಡು ಒರೆಸಿ ಬ್ಯಾಗಿಗೆ ಹಾಕಿಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ.

ಈಗ ಏಳು ಗಂಟೆ, ಕಾಲೇಜಿಗೆ ಹೊರಡುವ ಮುಂಚೆ ಅಮ್ಮನಿಗೆ ಫೋನ್ ಮಾಡಿದೆ. ಅವಳು ಬಾಯಿ ತೆರೆಯುವ ಮೊದಲೇ, ಪಾಸ್‌ಪೋರ್ಟ್ ನನ್ನ ಕೈಯಲ್ಲಿದೆ, ಇನ್ನು ಮೇಲೆ ಕೇಳಬೇಡ ಎಂದೆ. ಗೆದ್ದವಳ ದನಿಯಲ್ಲೇ ಹೇಳಿದೆ.

"ಅವಳದು?" ಎಂದಳು ಅಮ್ಮ.

"ಯಾರದು?"

"ಚೆಲುವಿದು."

ಫೋನ್ ಇಟ್ಟೆ. ಚಿಕ್ಕಮ್ಮ ನನ್ನ ಡಬ್ಬಿಗೆ ಚಪಾತಿ ಸುತ್ತಿಡುತ್ತಿದ್ದಾರೆ. ಈ ಶುಕ್ರವಾರ ಅಬ್ರಾ ಹತ್ತಿಸುತ್ತೇನೆ ಎಂದು ನಿನ್ನೆ ಮಾತು ಕೊಟ್ಟಿದ್ದೇನೆ. ದಿಂಬಿಲ್ಲದಿದ್ದರೂ ಪರವಾಗಿಲ್ಲ ಎಂದರು. ಯಾವ ಸೀರೆ ಉಡಲಿ ಎಂದು ಕೇಳಿದರು. ನಾನು ನನ್ನ ಪಾಸ್‌ಪೋರ್ಟ್ ಸಿಕ್ಕ ಖುಷಿಯಲ್ಲಿ ಹಾಯಾಗಿ ನಿದ್ದೆ ಮಾಡಿದೆ.

ಹಜಾರದಲ್ಲಿ ಚಿಕ್ಕಪ್ಪ ಶೂ ಹಾಕಿಕೊಳ್ಳುತ್ತಿದ್ದಾನೆ. ಕಾರಿನ ಕೀ ಟೀಪಾಯಿಯ ಮೇಲಿದೆ. ಅದನ್ನು ಮೊದಲು ತೆಗೆದುಕೊಂಡು, ಆಮೇಲೆ ಚಿಕ್ಕಮ್ಮನ ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳುತ್ತೇನೆ.